ಗಂಡನ್ನು ಬಿಡು, ಹೆಣ್ಣನ್ನು ಹೊಡಿ: ಪೆನ್ಸಿಲ್ವೇನಿಯಾದ ಜಿಂಕೆ ಜಗಳ

2002ರ ಡಿಸೆಂಬರ್ 2, ಸೋಮವಾರ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಂದೂಕಿನ ಜಿಂಕೆ ಬೇಟೆಯ ಮೊದಲ ದಿನ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲಿನ ಈ ಸೋಮವಾರ ಆಗ ಅಲ್ಲಿಯ ಹಳ್ಳಿಗಾಡಿಗೆ ಇನ್ನೊಂದು ಹಬ್ಬ. ಎಷ್ಟೋ ಶಾಲೆಗಳಿಗೆ ಅಂದು ರಜೆ. ಅಜ್ಜ, ಅಪ್ಪ, ಮೊಮ್ಮಗ ಎಲ್ಲ ಸೇರಿ ಉತ್ತರದ ಬೆಟ್ಟಗಾಡಿನ ಸಣ್ಣ ಮರದ ಮನೆಗಳಿಗೆ ಹಿಂದಿನ ದಿನವೇ ಬಂದು ಇಳಿದಿರುತ್ತಾರೆ. ಇದನ್ನು ಅವರು 'ಡಿಯರ್ ಕ್ಯಾಂಪ್' ಅನ್ನುತ್ತಾರೆ. ಬೆಳಕು ಹರಿಯುವ ಮೊದಲೇ ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಹೋಗಿ ಮರದ ಬುಡದಲ್ಲಿ ಸದ್ದಿಲ್ಲದೆ ಕೂರಬೇಕು.

ಆ ವರ್ಷ ಹಾಗೆ ಕೂತವರಿಗೆ ಹೊಸದೊಂದು ಕೆಲಸ ಬಂದಿತ್ತು. ಗಂಡು ಜಿಂಕೆ ಕಂಡ ಕೂಡಲೇ ಬಂದೂಕು ಎತ್ತುವ ಹಾಗಿಲ್ಲ. ಮೊದಲು ಕೊಂಬಿನ ಕವಲು ಎಣಿಸಬೇಕು. ಒಂದು ಬದಿಯಲ್ಲಿ ಕನಿಷ್ಠ ಮೂರು ಕವಲು ಇರಬೇಕು, ಪಶ್ಚಿಮದ ಕೆಲವು ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ನಾಲ್ಕು. ಕಡಿಮೆ ಇದ್ದರೆ ಬಿಟ್ಟುಬಿಡಬೇಕು. ಆದರೆ ಪಕ್ಕದಲ್ಲೇ ನಿಂತ ಹೆಣ್ಣು ಜಿಂಕೆಯನ್ನು ಹೊಡೆಯಬಹುದು. ಹೊಡೆಯಬಹುದು ಏನು, ಹೊಡೆಯಿರಿ ಎಂದು ಬೇಟೆ ನೋಡಿಕೊಳ್ಳುವ ಸರ್ಕಾರಿ ಇಲಾಖೆಯೇ ಕೇಳಿಕೊಳ್ಳುತ್ತಿತ್ತು. ಅಜ್ಜ ಮೊಮ್ಮಗನಿಗೆ ಕಲಿಸಿದ್ದು ಸರಿಯಾಗಿ ಇದರ ಉಲ್ಟಾ. ಕೊಂಬಿದ್ದರೆ ಹೊಡಿ, ಹೆಣ್ಣನ್ನು ಮುಟ್ಟಬೇಡ.

ಅಲ್ಲಿಂದ ಶುರುವಾದ ಜಗಳ ಸಭೆಗಳಲ್ಲಿ ಕೂಗಾಟವಾಗಿ, ಕೋರ್ಟಿಗೆ ಹೋಗಿ, ಶಾಸಕರ ತನಕ ಮುಟ್ಟಿತು. ಎರಡೂ ಕಡೆಯವರು ಜಿಂಕೆಯನ್ನು ಪ್ರೀತಿಸುವವರೇ, ಎರಡೂ ಕಡೆಯವರು ಬೇಟೆಗಾರರೇ. ನನಗೆ ಈ ಪ್ರಕರಣದಲ್ಲಿ ಹಿಡಿಸಿದ್ದೇ ಅದು.

ನಮ್ಮವರಿಗೆ ಬೇಟೆ ಎಂದರೆ ಅಪರಾಧ ಎಂದೇ ಮೊದಲು ತಲೆಗೆ ಬರುತ್ತದೆ. 1972ರ ವನ್ಯಜೀವಿ ಕಾಯ್ದೆಯ ನಂತರ ಅದು ಸರಿಯೂ ಹೌದು. ಬಂಡೀಪುರ, ನಾಗರಹೊಳೆಯಲ್ಲಿ ಜಿಂಕೆ ಜಾಸ್ತಿಯಾಗದಂತೆ ನೋಡಿಕೊಳ್ಳಲು ಹುಲಿ, ಚಿರತೆ, ಸೀಳುನಾಯಿ ಇವೆ. ಪೆನ್ಸಿಲ್ವೇನಿಯಾದಲ್ಲಿ ತೋಳವನ್ನೂ ಕೂಗರ್ ಎಂಬ ದೊಡ್ಡ ಬೆಕ್ಕನ್ನೂ 19ನೇ ಶತಮಾನದಲ್ಲೇ ಕೊಂದು ಮುಗಿಸಿದ್ದರು. ಕರಡಿಗಳು, ಕಯೋಟಿ ಎಂಬ ಕಾಡುನಾಯಿಗಳು ಮರಿಗಳನ್ನು ಹಿಡಿಯುತ್ತವೆ, ಬೆಳೆದ ಜಿಂಕೆಯ ತಂಟೆಗೆ ಹೋಗುವುದು ಕಡಿಮೆ. ಉಳಿದದ್ದು ಮನುಷ್ಯನ ಬಂದೂಕು ಮತ್ತು ಕಾರು. ಪಿಟ್ಸ್‌ಬರ್ಗ್ ಸುತ್ತಮುತ್ತ ಇರುವ ಕನ್ನಡಿಗರನ್ನು ಕೇಳಿ ನೋಡಿ, ನವೆಂಬರ್ ಸಂಜೆ ಕಾರು ಓಡಿಸುವಾಗ ರಸ್ತೆಯ ಎರಡೂ ಬದಿಗೆ ಕಣ್ಣಿಟ್ಟಿರುತ್ತಾರೆ.

ಹೆಣ್ಣನ್ನು ಮುಟ್ಟಬೇಡ ಎಂದವರು ಯಾರು?

ಹೆಣ್ಣು ಜಿಂಕೆಯನ್ನು ಹೊಡೆಯಬಾರದು ಎಂಬ ನಂಬಿಕೆ ಎಲ್ಲಿಂದಲೋ ಬಂದದ್ದಲ್ಲ. ಸರ್ಕಾರವೇ ಕಲಿಸಿದ್ದು.

19ನೇ ಶತಮಾನದ ಕೊನೆಗೆ ಆ ರಾಜ್ಯದಲ್ಲಿ ಬಿಳಿಬಾಲದ ಜಿಂಕೆ ಹೆಚ್ಚುಕಡಿಮೆ ಕಾಣೆಯಾಗಿತ್ತು. ಮಾರಾಟಕ್ಕೆಂದು ಹೊಡೆದರು, ನಾಯಿ ಬಿಟ್ಟು ಓಡಿಸಿ ಹೊಡೆದರು, ಕಾಡನ್ನೂ ಕಡಿದರು. 1895ರಲ್ಲಿ ಬೇಟೆಯ ಇಲಾಖೆಯಾದ ಪೆನ್ಸಿಲ್ವೇನಿಯಾ ಗೇಮ್ ಕಮಿಷನ್ ಹುಟ್ಟಿತು. 1906ರಿಂದ ಮಿಶಿಗನ್ ಮುಂತಾದ ಕಡೆಗಳಿಂದ ಜಿಂಕೆ ತಂದು ಬಿಟ್ಟರು. 1907ರಲ್ಲಿ ಕಾನೂನು ಬಂತು: ಕೊಂಬಿರುವ ಗಂಡನ್ನು ಮಾತ್ರ ಹೊಡೆಯಬೇಕು. ಹೆಣ್ಣು ಉಳಿದರೆ ಮರಿ, ಮರಿ ಉಳಿದರೆ ಹಿಂಡು. ಸರಳ ಲೆಕ್ಕ, ಆ ಕಾಲಕ್ಕೆ ಸರಿಯಾದ ಲೆಕ್ಕ.

ಅದು ಕೆಲಸ ಮಾಡಿತು, ಜಾಸ್ತಿಯೇ ಮಾಡಿತು. ಮರ ಕಡಿದ ಜಾಗದಲ್ಲೆಲ್ಲ ಎಳೆಯ ಚಿಗುರು ಎದ್ದಿತ್ತು. ಜಿಂಕೆಯ ಬಾಯಿಗೆ ಎಟುಕುವ ಎತ್ತರದಲ್ಲಿ ಲಕ್ಷಾಂತರ ಎಕರೆ ಮೇವು. 1920ರ ದಶಕದ ಹೊತ್ತಿಗೆ ಜಿಂಕೆ ಎಷ್ಟಾಯಿತೆಂದರೆ ಚಳಿಗಾಲದಲ್ಲಿ ಹಸಿವಿನಿಂದ ಸಾಯತೊಡಗಿದವು. ಕಮಿಷನ್ 1923ರಲ್ಲಿ ಕೆಲವೆಡೆ ಹೆಣ್ಣಿನ ಬೇಟೆ ತೆರೆಯಿತು. 1928ರಲ್ಲಿ ಗಂಡಿನ ಬೇಟೆಯನ್ನೇ ನಿಲ್ಲಿಸಿ ಹೆಣ್ಣನ್ನು ಮಾತ್ರ ಹೊಡೆಯಿರಿ ಎಂದಿತು. ಜನ ರೊಚ್ಚಿಗೆದ್ದರು. ನಿನ್ನೆ ಪಾಪ ಅಂದದ್ದು ಇವತ್ತು ಪುಣ್ಯ ಅಂದರೆ ಯಾರು ನಂಬುತ್ತಾರೆ?

ಮುಂದಿನ ಐವತ್ತು ಅರವತ್ತು ವರ್ಷ ಇದೇ ಆಟ. ಕಮಿಷನ್ ಹೆಣ್ಣಿನ ಪರವಾನಗಿ ಹೆಚ್ಚಿಸುವುದು, ಬೇಟೆಗಾರರು ಗಲಾಟೆ ಮಾಡುವುದು, ಕಮಿಷನ್ ಹಿಂದೆ ಸರಿಯುವುದು. 1950ರ ದಶಕದಲ್ಲಿ ರೋಜರ್ ಲೇಥಮ್ ಎಂಬ ಜೀವವಿಜ್ಞಾನಿ ಹಿಂಡು ಅತಿಯಾಗಿದೆ ಎಂದು ಬಾಯಿಬಿಟ್ಟು ಹೇಳಿ ಕಮಿಷನ್ ಕೆಲಸ ಕಳೆದುಕೊಂಡರು. ಹೆಣ್ಣಿನ ಪರವಾನಗಿಗೆ ಅರ್ಜಿಯನ್ನು ಗುಲಾಬಿ ಬಣ್ಣದ ಲಕೋಟೆಯಲ್ಲಿ ಹಾಕಿ ಕೌಂಟಿ ಖಜಾಂಚಿಗೆ ಅಂಚೆಯಲ್ಲಿ ಕಳಿಸಬೇಕಿತ್ತು. ಜಿಂಕೆ ಉಳಿಯಲಿ ಎಂದು ಪರವಾನಗಿ ಕೊಂಡು ಸುಮ್ನೆ ಹರಿದು ಹಾಕುತ್ತಿದ್ದವರೂ ಇದ್ದರು.

ಕರಡಿ ಮನುಷ್ಯನಿಗೆ ಜಿಂಕೆ ಕೆಲಸ

1999ರಲ್ಲಿ ಕಮಿಷನ್ ಜಿಂಕೆ ವಿಭಾಗವನ್ನು ಗ್ಯಾರಿ ಆಲ್ಟ್ ಕೈಗೆ ಕೊಟ್ಟಿತು. ಆಲ್ಟ್ ಎಂದರೆ ರಾಜ್ಯದಲ್ಲಿ ಹೀರೋ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕರಿಕರಡಿಗಳ ಬೆನ್ನುಹತ್ತಿದವರು, ಚಳಿಗಾಲದಲ್ಲಿ ಕರಡಿಯ ಗುಹೆಯೊಳಗೇ ತೆವಳಿ ಹೋಗುತ್ತಿದ್ದವರು. ಮಾತು ಚೆನ್ನಾಗಿ ಬರುತ್ತಿತ್ತು. ಹಳೆಯ ಗಾಯಕ್ಕೆ ಕೈ ಹಾಕಲು ಜನ ನಂಬುವ ಒಬ್ಬರು ಬೇಕಿತ್ತು.

ಆಲ್ಟ್ ಊರೂರು ತಿರುಗಿದರು. ಶಾಲೆಯ ಸಭಾಂಗಣಗಳಲ್ಲಿ ನೂರಾರು ಬೇಟೆಗಾರರನ್ನು ಕೂರಿಸಿಕೊಂಡು ಸ್ಲೈಡ್ ತೋರಿಸಿದರು. ಹೇಳಿದ್ದು ಮುಖ್ಯವಾಗಿ ಎರಡು ಮಾತು. ಒಂದು, ಹೆಣ್ಣು ಅತಿಯಾಗಿವೆ, ಕಾಡು ತಿಂದು ಮುಗಿಸುತ್ತಿವೆ. ಎರಡು, ಗಂಡು ಬೆಳೆಯಲು ನೀವು ಬಿಡುತ್ತಲೇ ಇಲ್ಲ. ಹೊಡೆದ ಕೊಂಬಿನ ಜಿಂಕೆಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಒಂದೂವರೆ ವರ್ಷದವು. ಅಂದರೆ ಮೊದಲ ಸಲ ಕೊಂಬು ಬಂದ ಹುಡುಗರು. ಆ ಮೊದಲು ಮೂರು ಇಂಚಿನ ಒಂಟಿ ಕೊಂಬಿದ್ದರೂ ಹೊಡೆಯಬಹುದಿತ್ತು.

ಲೆಕ್ಕ ಒಂದು ಉದಾಹರಣೆಯಲ್ಲಿ ನೋಡೋಣ. ಹತ್ತು ಹೆಣ್ಣು, ಹತ್ತು ಗಂಡು ಇವೆ ಅಂದುಕೊಳ್ಳಿ. ಎಂಟು ಗಂಡನ್ನು ಹೊಡೆದರೂ ಉಳಿದ ಎರಡೇ ಹತ್ತು ಹೆಣ್ಣಿಗೂ ಸಾಕು. ಒಳ್ಳೆಯ ಮೇವಿದ್ದರೆ ಹೆಣ್ಣು ಅವಳಿ ಹಾಕುವುದೇ ಹೆಚ್ಚು. ಮುಂದಿನ ಜೂನ್‌ಗೆ ಇಪ್ಪತ್ತು ಮರಿ. ಅದೇ ಐದು ಹೆಣ್ಣನ್ನು ಹೊಡೆದರೆ ಹತ್ತೇ ಮರಿ. ಹಿಂಡಿನ ಬೀಗದ ಕೈ ಹೆಣ್ಣಿನ ಹತ್ತಿರ ಇದೆ. ಗಂಡು ಹೊಡೆಯುವುದರಿಂದ ಹಿಂಡಿನ ಗಾತ್ರಕ್ಕೆ ಆಗುವುದು ಅಷ್ಟಕ್ಕಷ್ಟೇ.

ಹಾಗಾದರೆ ಗಂಡಿನ ಕವಲು ಎಣಿಸುವ ನಿಯಮ ಯಾಕೆ? ಹಿಂಡು ಇಳಿಸಲು ಅದು ಬೇಕಾಗಿಯೇ ಇರಲಿಲ್ಲ. ನನ್ನ ಪ್ರಕಾರ ಅದು ಕಹಿ ಗುಳಿಗೆಗೆ ಸವರಿದ ಬೆಲ್ಲ. ಹೆಣ್ಣು ಹೊಡೆಯಿರಿ, ಬದಲಿಗೆ ಕೆಲವೇ ವರ್ಷಗಳಲ್ಲಿ ದೊಡ್ಡ ಕೊಂಬಿನ ಗಂಡು ಕಾಣುತ್ತೀರಿ ಎಂಬ ಒಪ್ಪಂದ. ತಮಾಷೆ ಏನೆಂದರೆ ಬೆಲ್ಲ ಎಲ್ಲರಿಗೂ ರುಚಿಸಿತು, ಗುಳಿಗೆ ಗಂಟಲಲ್ಲೇ ನಿಂತಿತು.

ಅಂಕಿ ನೋಡಿ. 2001ರಲ್ಲಿ 2,03,247 ಕೊಂಬಿನ ಗಂಡು ಬೇಟೆಯಾಗಿದ್ದವು. ಅದು ದಾಖಲೆ. ಹೊಸ ನಿಯಮ ಬಂದ 2002ರಲ್ಲಿ ಅದು 1,65,416ಕ್ಕೆ ಇಳಿಯಿತು. ಆದರೆ ಹೆಣ್ಣು ಮತ್ತು ಮರಿ ಸೇರಿ 3,52,113. ಒಟ್ಟು 5,17,529, ಅದೂ ದಾಖಲೆ. ಕರ್ನಾಟಕದ ಮೂರನೇ ಎರಡು ಪಾಲೂ ಇಲ್ಲದ ರಾಜ್ಯದಲ್ಲಿ ಒಂದೇ ವರ್ಷ ಐದು ಲಕ್ಷ ಜಿಂಕೆ. ನಂತರ ಪ್ರತಿವರ್ಷ ಇಳಿಯುತ್ತಾ 2005ಕ್ಕೆ ಒಟ್ಟು 3,54,390 ಆಯಿತು. ಗಂಡು 1,20,500 ಮಾತ್ರ.

ಈ ಇಳಿಕೆ ಕಾಗದದ ಮೇಲೆ ಯೋಜನೆಯ ಗೆಲುವು. ಮರದ ಬುಡದಲ್ಲಿ ಕೂತವನಿಗೆ? ಬೆಳಗ್ಗೆಯಿಂದ ಸಂಜೆವರೆಗೆ ಖಾಲಿ ಕಾಡು.

ಕ್ಯಾಂಪಿನವರು, ಕೊಂಬಿನವರು, ಕಾಡಿನವರು

ಬೇಟೆಗಾರರೆಲ್ಲ ಒಂದೇ ಅಂದುಕೊಂಡರೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಕ್ಯಾಂಪಿನ ಹಳಬರಿಗೆ ಮುಖ್ಯವಾದದ್ದು ಕಾಣುವುದು. ಮೊದಲ ದಿನ ಮೂವತ್ತು ನಲವತ್ತು ಜಿಂಕೆ ನೋಡಿ ಬೆಳೆದವರು. ಹೊಡೆಯದಿದ್ದರೂ ಪರವಾಗಿಲ್ಲ, ಕಣ್ಣಿಗೆ ಬೀಳಬೇಕು. ಮೊಮ್ಮಗ ದಿನವಿಡೀ ಚಳಿಯಲ್ಲಿ ಕೂತು ಒಂದೂ ಕಾಣದೆ ವಾಪಸಾದರೆ ಮುಂದಿನ ವರ್ಷ ಬರುತ್ತಾನಾ? ಇವರ ಸಿಟ್ಟನ್ನು ನಾನು ಹಗುರವಾಗಿ ನೋಡಲಾರೆ. ಪಾಟರ್, ಕ್ಲಿಂಟನ್, ಮೆಕೀನ್‌ನಂಥ ಕೌಂಟಿಗಳಲ್ಲಿ ಎರಡು ವಾರದ ಬೇಟೆಯೇ ಹೋಟೆಲು, ಪೆಟ್ರೋಲ್ ಬಂಕುಗಳ ದೊಡ್ಡ ಸುಗ್ಗಿ.

ಕೊಂಬಿನವರು ಬೇರೆ. ಎಳೆಯ ಗಂಡನ್ನು ಬಿಟ್ಟರೆ ದೊಡ್ಡದಾಗುತ್ತದೆ, ಹೆಣ್ಣು ಕಡಿಮೆಯಾದರೆ ಮೇವು ಜಾಸ್ತಿ ಸಿಗುತ್ತದೆ ಎಂದು ಆಲ್ಟ್ ಬೆನ್ನಿಗೆ ನಿಂತವರು. ಇವರೊಳಗೇ ಒಂದು ಒಳಜಗಳ ಇತ್ತು, ಕವಲಿಲ್ಲದ ಒಂಟಿ ಕೊಂಬಿನ 'ಸ್ಪೈಕ್' ಬಗ್ಗೆ. ಒಮ್ಮೆ ಸ್ಪೈಕ್ ಆದರೆ ಸಾಯುವವರೆಗೂ ಸ್ಪೈಕ್, ಆ ತಳಿಯನ್ನು ತೆಗೆದುಹಾಕಬೇಕು ಎನ್ನುವವರು ಈಗಲೂ ಸಿಗುತ್ತಾರೆ. ಮೊದಲ ವರ್ಷದ ಕೊಂಬು ಹೇಳುವುದು ಬಹಳ ಮಟ್ಟಿಗೆ ಮರಿ ಯಾವಾಗ ಹುಟ್ಟಿತು, ತಾಯಿಗೆ ಏನು ಸಿಕ್ಕಿತು ಎಂಬುದನ್ನು. ಅದೂ ಅಲ್ಲದೆ ಅರ್ಧ ಗುಣ ತಾಯಿಯಿಂದ ಬರುತ್ತದೆ. ಕೊಂಬೇ ಇಲ್ಲದ ತಾಯಿಯನ್ನು ನೋಡಿ ತಳಿ ಆರಿಸುವುದು ಹೇಗೆ? ಟೆಕ್ಸಸ್‌ನ ದೊಡ್ಡದೊಂದು ದನಗಾವಲಿನಲ್ಲಿ ಕೊಂಬು ಚೆನ್ನಾಗಿಲ್ಲದ ಗಂಡುಗಳನ್ನು ವರ್ಷಗಟ್ಟಲೆ ತೆಗೆದು ನೋಡಿದರು, ಹಿಂಡಿನ ಕೊಂಬು ಸುಧಾರಿಸಲಿಲ್ಲ.

ಇದಕ್ಕೆ ಎದುರಿನ ಆಕ್ಷೇಪ ಇನ್ನೂ ಗಟ್ಟಿ. ಕವಲಿನ ನಿಯಮ ಒಂದೂವರೆ ವರ್ಷದವುಗಳಲ್ಲಿ ಕೊಂಬು ಬೇಗ ಬಂದವನ್ನು ಸಾಯಿಸುತ್ತದೆ, ಸಣ್ಣವನ್ನು ಉಳಿಸುತ್ತದೆ. ಮಿಸಿಸಿಪ್ಪಿ ರಾಜ್ಯ 1995ರಲ್ಲಿ ಒಟ್ಟು ನಾಲ್ಕು ಕವಲು ಎಂಬ ನಿಯಮ ತಂದಿತ್ತು. ಕೆಲವು ಕಡೆ ಮುಂದಿನ ವಯಸ್ಸಿನ ಗಂಡುಗಳ ಕೊಂಬು ಸಣ್ಣದಾಗಿದ್ದು ಕಂಡುಬಂತು, ಆಮೇಲೆ ಅವರು ಕವಲು ಬಿಟ್ಟು ಕೊಂಬಿನ ಅಗಲ, ಉದ್ದ ನೋಡುವ ನಿಯಮಕ್ಕೆ ಬದಲಾದರು. ಪೆನ್ಸಿಲ್ವೇನಿಯಾದ ನಿಯಮ ಇದಕ್ಕಿಂತ ಬಿಗಿಯಾಗಿದ್ದದ್ದು ಅನುಕೂಲವಾಯಿತು. ಒಂದು ಬದಿಗೇ ಮೂರು ಕವಲು ಅಂದರೆ ಎಳೆಯವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದುಕೊಳ್ಳುತ್ತಿದ್ದವು.

ಮೂರನೆಯ ಗುಂಪು ಕಾಡಿನವರದು. ಮರದ ವ್ಯಾಪಾರದವರು, ಅರಣ್ಯ ಇಲಾಖೆಯವರು, ತೋಟದವರು. ಇವರು ಜಿಂಕೆ ಎಣಿಸುವುದಿಲ್ಲ, ನೆಲ ನೋಡುತ್ತಾರೆ. ವಾಯವ್ಯದ ಅಲೆಘೆನಿ ಬೆಟ್ಟಗಳ ಬ್ಲ್ಯಾಕ್ ಚೆರ್ರಿ ಮರಕ್ಕೆ ಪೀಠೋಪಕರಣದ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ. ದೊಡ್ಡ ಮರ ಕಡಿದರೆ ಕೆಳಗೆ ಸಸಿಯೇ ಇಲ್ಲ. ಜಿಂಕೆ ತಿನ್ನದ ಜರೀಗಿಡ ಮಾತ್ರ ಮೊಣಕಾಲೆತ್ತರ ಹಬ್ಬಿ ನಿಂತಿದೆ. ಎಂಟು ಅಡಿ ಬೇಲಿ ಹಾಕಿದ ಕಡೆ ಮಾತ್ರ ಸಸಿ ಏಳುತ್ತಿತ್ತು. ಬೇಲಿಯ ಒಳಗೆ ಪೊದೆ, ಹೊರಗೆ ಬೋಳು. ಅಮೆರಿಕದ ಫಾರೆಸ್ಟ್ ಸರ್ವಿಸ್ 1979ರ ಹೊತ್ತಿಗೆ ಇಲ್ಲೇ ಬೇಲಿಯೊಳಗೆ ಜಿಂಕೆ ಬಿಟ್ಟು ಹತ್ತು ವರ್ಷದ ಪ್ರಯೋಗ ಶುರುಮಾಡಿತ್ತು. ಚದರ ಮೈಲಿಗೆ 10, 20, 40, 80ರ ಲೆಕ್ಕದಲ್ಲಿ. 20 ದಾಟಿದರೆ ಸಸಿಗಳಷ್ಟೇ ಅಲ್ಲ, ನಡುಎತ್ತರದಲ್ಲಿ ಗೂಡು ಕಟ್ಟುವ ಹಾಡುಹಕ್ಕಿಗಳೂ ಕಡಿಮೆಯಾದವು.

ಅಜ್ಜ ನೋಡಿದ ಆ ನಲವತ್ತು ಜಿಂಕೆ ಕಾಡು ಎಳೆಯದಿದ್ದ ಕಾಲದ್ದು. ಈಗ ಅದೇ ಕಾಡು ಬೆಳೆದು ಮೇವೆಲ್ಲ ಮೇಲಕ್ಕೆ ಹೋಗಿದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತೇವಲ್ಲ, ಹಾಗೆ.

ಖಾಲಿ ಕಾಡು ಸುಳ್ಳಲ್ಲ

ಇಷ್ಟು ಓದಿದವರಿಗೆ ವಿಜ್ಞಾನ ಒಂದು ಕಡೆ, ಭಾವನೆ ಇನ್ನೊಂದು ಕಡೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಎರಡು ಸಂಗತಿ ನನ್ನ ಅಭಿಪ್ರಾಯ ಬದಲಿಸಿದವು.

ಮೊದಲನೆಯದು, ಬೇಟೆಗಾರ ಎಲ್ಲಿ ನಡೆಯುತ್ತಾನೆ ಎಂಬುದು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ನೋಡಿದಾಗ ಹೆಚ್ಚಿನವರು ರಸ್ತೆಯಿಂದ ಅರ್ಧ ಮೈಲಿಯೂ ಒಳಗೆ ಹೋಗುತ್ತಿರಲಿಲ್ಲ. ಹೊಡೆದ ಜಿಂಕೆಯನ್ನು ಎಳೆದು ತರಬೇಕಲ್ವಾ? ಎರಡನೆಯದು, ಹೆಣ್ಣು ಜಿಂಕೆಯ ಸ್ವಭಾವ. ಎಳೆಯ ಗಂಡು ತಾಯಿಯನ್ನು ಬಿಟ್ಟು ಮೈಲಿಗಟ್ಟಲೆ ದೂರ ಹೋಗಿ ನೆಲೆಸುತ್ತದೆ. ಹೆಣ್ಣು ಹಾಗಲ್ಲ. ಅಜ್ಜಿ, ತಾಯಿ, ಮಗಳು ಒಂದೇ ಕಣಿವೆಯಲ್ಲಿ ಇದ್ದುಬಿಡುತ್ತವೆ.

ಈ ಎರಡನ್ನೂ ಜೋಡಿಸಿ ನೋಡಿ. ರಸ್ತೆ ಹತ್ತಿರದ ಕಣಿವೆಯ ಹೆಣ್ಣುಗಳನ್ನು ನಾಲ್ಕು ವರ್ಷ ಹೊಡೆದರೆ ಆ ಕಣಿವೆ ನಿಜವಾಗಿಯೂ ಖಾಲಿ. ಪಕ್ಕದ ಬೆಟ್ಟದ ಹಿಂದೆ, ಅಥವಾ ಬೇಟೆಗೆ ಬಿಡದ ಖಾಸಗಿ ಜಮೀನಿನಲ್ಲಿ, ಮೊದಲಿನಷ್ಟೇ ಜಿಂಕೆ. 2003ರಿಂದ ಕಮಿಷನ್ ಕೌಂಟಿ ಲೆಕ್ಕ ಬಿಟ್ಟು ಇನ್ನೂ ದೊಡ್ಡ ಘಟಕಗಳಾಗಿ ರಾಜ್ಯವನ್ನು ಹಂಚಿತು. ಕೆಲವು ಸಾವಿರಾರು ಚದರ ಮೈಲಿಯವು. ಅಷ್ಟು ದೊಡ್ಡ ಘಟಕದ ಸರಾಸರಿ ಸರಿಯಿರಬಹುದು, ಆದರೆ ಕ್ಯಾಂಪಿನ ಹಿಂದಿನ ಕಣಿವೆಗೆ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಜಿಂಕೆ ಇಲ್ಲ ಎಂದ ಬೇಟೆಗಾರನೂ ಸುಳ್ಳು ಹೇಳಲಿಲ್ಲ, ಜಿಂಕೆ ಇನ್ನೂ ಜಾಸ್ತಿ ಎಂದ ಆಲ್ಟ್ ಕೂಡ ಸುಳ್ಳು ಹೇಳಲಿಲ್ಲ. ಕಮಿಷನ್ ತಪ್ಪಿದ್ದು ಇಲ್ಲೇ. ನಿಮ್ಮ ಕಣ್ಣು ಸರಿಯಿಲ್ಲ ಎಂಬ ಧಾಟಿಯಲ್ಲಿ ಮಾತಾಡಿತು.

ಮಾತು ಕೆಟ್ಟಿತು. ಕಾರಿಗೆ ಜಿಂಕೆ ಬಡಿಯುವುದು ಕಡಿಮೆಯಾಗಲೆಂದು ಇನ್ಶೂರೆನ್ಸ್ ಕಂಪನಿಗಳ ಜೊತೆ ಸೇರಿ ಕಯೋಟಿಗಳನ್ನು ಕಮಿಷನ್ನೇ ತಂದು ಬಿಟ್ಟಿದೆ ಎಂಬ ಗಾಳಿಸುದ್ದಿಗೂ ಜೋರು ಬಂತು. ಆಲ್ಟ್ ಕೆಲವು ಸಭೆಗಳಿಗೆ ಗುಂಡು ತಡೆಯುವ ಅಂಗಿ ತೊಟ್ಟು ಹೋಗಬೇಕಾಯಿತು. 2004ರ ಕೊನೆಗೆ ಅವರು ಕೆಲಸ ಬಿಟ್ಟರು. ಯುನಿಫೈಡ್ ಸ್ಪೋರ್ಟ್ಸ್‌ಮೆನ್ ಆಫ್ ಪೆನ್ಸಿಲ್ವೇನಿಯಾ ಎಂಬ ಸಂಘ ಹೆಣ್ಣಿನ ಬೇಟೆ ನಿಲ್ಲಿಸಿ ಎಂದು ಕೋರ್ಟಿಗೆ ಹೋಯಿತು, ಗೆಲ್ಲಲಿಲ್ಲ. ಆದರೆ ಬೇರೆ ಕಡೆ ಪೆಟ್ಟು ಬಿತ್ತು. ಕಮಿಷನ್‌ಗೆ ರಾಜ್ಯದ ತೆರಿಗೆ ದುಡ್ಡು ಬರುವುದಿಲ್ಲ. ಪರವಾನಗಿ ಶುಲ್ಕ, ತನ್ನ ಜಮೀನಿನ ಮರ ಮತ್ತು ಗ್ಯಾಸ್ ಆದಾಯದಿಂದ ನಡೆಯುತ್ತದೆ. ಶುಲ್ಕ ಏರಿಸಲು ಶಾಸಕರು ಒಪ್ಪಬೇಕು. 1999ರ ನಂತರ ವರ್ಷಗಟ್ಟಲೆ ಅವರು ಒಪ್ಪಲಿಲ್ಲ. ಶಾಸಕರೇ ಮಾಡಿಸಿದ ಪರಿಶೀಲನೆ 2010ರಲ್ಲಿ ಯೋಜನೆಯ ಬುಡ ಸರಿಯಾಗಿದೆ ಎಂದಿತು. ಯಾರ ಮನಸ್ಸೂ ಅದರಿಂದ ಬದಲಾದಂತೆ ಕಾಣಲಿಲ್ಲ.

ಇದೇ ಹೊತ್ತಿಗೆ ವಾಯವ್ಯದಲ್ಲಿ ಒಂದು ಸಣ್ಣ ಕೆಲಸ ಸದ್ದಿಲ್ಲದೆ ನಡೆದಿತ್ತು. ಕಿಂಜುವಾ ಕ್ವಾಲಿಟಿ ಡಿಯರ್ ಕೋಆಪರೇಟಿವ್, 2000ರಲ್ಲಿ ಶುರುವಾದದ್ದು, ಸುಮಾರು 74,000 ಎಕರೆ. ಸರ್ಕಾರಿ ಕಾಡು, ಮರದ ಕಂಪನಿಗಳು, ಊರಿನ ನೀರಿನ ಸಂಸ್ಥೆ ಸೇರಿ ಮಾಡಿದ್ದು. 2003ರಿಂದ ಜಾಗಕ್ಕೆ ತಕ್ಕ ಹಾಗೆ ಹೆಚ್ಚುವರಿ ಹೆಣ್ಣಿನ ಪರವಾನಗಿ ಕೊಡುವ ವ್ಯವಸ್ಥೆ ಬಂದಿತ್ತು. ಇವರು ಅದನ್ನು ಬಳಸಿದರು. ದಾರಿಗಳನ್ನು ತೆರೆದಿಟ್ಟರು. ಹೊಡೆದ ಜಿಂಕೆಯನ್ನು ತೂಗಿ, ವಯಸ್ಸು ನೋಡಿ, ಬೇಟೆಗಾರನಿಗೇ ತೋರಿಸಿದರು. ವರ್ಷಕ್ಕೊಮ್ಮೆ ಕರೆದು ಊಟ ಹಾಕಿದರು. ಕೆಲವೇ ವರ್ಷಗಳಲ್ಲಿ ಜಿಂಕೆ ಅರ್ಧದಷ್ಟಾದವು, ಉಳಿದವು ದಪ್ಪಗಾದವು, ಸಸಿ ಎದ್ದವು. ಎಣಿಸುವುದು ಬೇಟೆಗಾರನ ಕಣ್ಣೆದುರೇ ನಡೆದದ್ದು ದೊಡ್ಡ ವ್ಯತ್ಯಾಸ ಮಾಡಿತು ಎಂದು ನನಗೆ ಅನ್ನಿಸುತ್ತದೆ.

ಆಮೇಲೆ

ಕಮಿಷನ್ ಕೆಲವು ಘಟಕಗಳಲ್ಲಿ ಹೆಣ್ಣಿನ ದಿನಗಳನ್ನು ಕಡಿಮೆ ಮಾಡಿತು. 2011ರಲ್ಲಿ ಪಶ್ಚಿಮದ ನಾಲ್ಕು ಕವಲಿನ ನಿಯಮವನ್ನು ಸಡಿಲಿಸಿ, ಹುಬ್ಬಿನ ಹತ್ತಿರದ ಸಣ್ಣ ಕವಲು ಬಿಟ್ಟು ಮೂರು ಅಂದಿತು. ಆ ಸಣ್ಣದು ದೂರದಿಂದ ಕಾಣದೆ ಜನ ಒದ್ದಾಡುತ್ತಿದ್ದರು. 2019ರಲ್ಲಿ ಮೊದಲ ದಿನವನ್ನೇ ಸೋಮವಾರದಿಂದ ಶನಿವಾರಕ್ಕೆ ಹಾಕಿದರು, ಕ್ಯಾಂಪಿನವರಿಗೆ ಅದೂ ಇಷ್ಟವಾಗಲಿಲ್ಲ. ಗುಲಾಬಿ ಲಕೋಟೆ 2023ರಲ್ಲಿ ಹೋಯಿತು, ಪರವಾನಗಿ ಆನ್‌ಲೈನ್ ಆಯಿತು. ಮೊದಲ ದಿನವೇ ಗಂಟೆಗಟ್ಟಲೆ ಕಾಯಬೇಕಾಗಿ ಬಂದಾಗ ಲಕೋಟೆಯನ್ನು ನೆನೆದವರು ಕಡಿಮೆಯೇನಲ್ಲ.

ಕವಲು ಎಣಿಸುವುದು ಮಾತ್ರ ಅಭ್ಯಾಸವಾಗಿಬಿಟ್ಟಿದೆ. 2024-25ರ ಬೇಟೆಯಲ್ಲಿ 4,76,880 ಜಿಂಕೆ, ಅದರಲ್ಲಿ 1,75,280 ಕೊಂಬಿನ ಗಂಡು. 2001ರ ದಾಖಲೆಗಿಂತ ಕಡಿಮೆ ಹೌದು. ಆದರೆ ಈಗ ಹೊಡೆಯುವ ಗಂಡುಗಳಲ್ಲಿ ಹೆಚ್ಚಿನವು ಎರಡೂವರೆ ವರ್ಷ ದಾಟಿದವು. ಅಂಥ ಗಂಡನ್ನು ಜೀವಮಾನದಲ್ಲಿ ಒಮ್ಮೆ ಕಂಡರೆ ಹೆಚ್ಚು ಅನ್ನುತ್ತಿದ್ದ ಕಾಲ ಹೋಯಿತು.

ಈ ನಡುವೆ 2012ರಲ್ಲಿ ರಾಜ್ಯಕ್ಕೆ ಒಂದು ರೋಗ ಬಂದಿತ್ತು, ಕ್ರಾನಿಕ್ ವೇಸ್ಟಿಂಗ್ ಡಿಸೀಸ್. ಮೆದುಳಿಗೆ ತಗಲುತ್ತದೆ, ಮದ್ದಿಲ್ಲ, ಬಂದ ಜಿಂಕೆ ಉಳಿಯುವುದಿಲ್ಲ. ಇದು ಜಾಸ್ತಿ ಕಾಣುವುದು ವಯಸ್ಸಾದ ಗಂಡುಗಳಲ್ಲಿ. ಹಾಗಾದರೆ ಯಾವುದನ್ನು ಬಿಡಬೇಕು, ಯಾವುದನ್ನು ಹೊಡೆಯಬೇಕು? ಮಿಸೌರಿ ರಾಜ್ಯ ರೋಗ ಇರುವ ಕೌಂಟಿಗಳಲ್ಲಿ ಕವಲಿನ ನಿಯಮವನ್ನೇ ತೆಗೆದುಹಾಕಿತು. ಪೆನ್ಸಿಲ್ವೇನಿಯಾದ ರೋಗದ ಪ್ರದೇಶಗಳಲ್ಲಿ ಕಮಿಷನ್ ಕಬ್ಬಿಣದ ದೊಡ್ಡ ಡಬ್ಬಿಗಳನ್ನು ಇಟ್ಟಿದೆ. ಬೇಟೆಗಾರರು ಹೊಡೆದ ಜಿಂಕೆಯ ತಲೆಯನ್ನು ಚೀಲದಲ್ಲಿ ಕಟ್ಟಿ, ಚೀಟಿ ಅಂಟಿಸಿ ಅದರೊಳಗೆ ಹಾಕಿ ಹೋಗುತ್ತಾರೆ. ಮಾಂಸ ತಿನ್ನಬಹುದೋ ಇಲ್ಲವೋ ಎಂದು ಫಲಿತಾಂಶಕ್ಕೆ ಕಾಯುತ್ತಾರೆ. ಕೊಂಬನ್ನು ಮಾತ್ರ ಮೊದಲೇ ಕತ್ತರಿಸಿ ಮನೆಗೆ ಒಯ್ದಿರುತ್ತಾರೆ.